ಆಮೆ ಊಟ ಬಿಟ್ಟರೆ ಮೊದಲು ನೀರು ಎಷ್ಟು ತಣ್ಣಗಿದೆ ನೋಡಿ

ನಿಮ್ಮ ಪ್ರಶ್ನೆ ಓದಿದ ತಕ್ಷಣ ನಮ್ಮ ಆಮೆ ಪುಟ್ಟಿ ನೆನಪಾದಳು. ನಿಮ್ಮದು ಕೆಂಪು ಕಿವಿಯ ಸ್ಲೈಡರ್ ಆಮೆ, ಬೆಂಗಳೂರಿನ ಬಾಲ್ಕನಿಯಲ್ಲಿ ಟಬ್, ಡಿಸೆಂಬರ್ ಶುರುವಾದಾಗಿನಿಂದ ಪೆಲೆಟ್ (ಗುಳಿಗೆಯಂಥ ಆಮೆ ತಿಂಡಿ) ಮುಟ್ಟುತ್ತಿಲ್ಲ, ಒಂಬತ್ತು ದಿನ ಆಯಿತು, ಬಾಯಿ ಬಿಡಿಸಿ ತಿನ್ನಿಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬಾಯಿ ಬಿಡಿಸಬೇಡಿ. ಬೆಳೆದ ಆಮೆ ಒಂಬತ್ತು ದಿನ ಉಪವಾಸ ಇದ್ದರೆ ಸಾಯುವುದಿಲ್ಲ. ಮೊದಲು ನೀರಿನ ಬಿಸಿ ಎಷ್ಟಿದೆ ಅಂತ ನೋಡಿ.

ನಮ್ಮ ಮನೆಯಲ್ಲೂ ಒಂದು ಚಳಿಗಾಲ ಹೀಗೇ ಆಗಿತ್ತು. ನಾನು ಬರೀ ಊಟದ ಬಗ್ಗೆಯೇ ಯೋಚನೆ ಮಾಡಿದೆ. ಪೆಲೆಟ್ ಬದಲಿಸಿದೆ, ಒಣ ಸಿಗಡಿ ತಂದೆ, ಅಮ್ಮ ಸೌತೆಕಾಯಿ ಸಣ್ಣಗೆ ಹೆಚ್ಚಿ ಹಾಕಿದರು. ಪುಟ್ಟಿ ತಲೆ ಹೊರಗೆ ಹಾಕಲಿಲ್ಲ. ಎರಡು ವಾರ ಹೀಗೇ ಹೋಯಿತು. ಆಮೆ ನೋಡುವ ಡಾಕ್ಟರ್ ಒಬ್ಬರಿಗೆ ಫೋನ್ ಮಾಡಿದಾಗ ಅವರು ಮೊದಲು ಕೇಳಿದ್ದೇ ನೀರು ಎಷ್ಟು ಡಿಗ್ರಿ ಇದೆ ಅಂತ. ನನಗೆ ಗೊತ್ತಿರಲಿಲ್ಲ. ಅಕ್ವೇರಿಯಂ ಅಂಗಡಿಯಿಂದ ಥರ್ಮಾಮೀಟರ್ ತಂದು, ಮಾರನೇ ದಿನ ಬೆಳಿಗ್ಗೆ ಆರಕ್ಕೆ ಟಬ್ಬಿನಲ್ಲಿ ಇಟ್ಟು ನೋಡಿದೆ. 17 ಡಿಗ್ರಿ.

ನಮ್ಮ ಹಾಗೆ ಆಮೆಯ ಮೈ ತಾನೇ ಬಿಸಿ ಹುಟ್ಟಿಸಿಕೊಳ್ಳುವುದಿಲ್ಲ. ನೀರು ಎಷ್ಟು ಬಿಸಿಯೋ ಮೈಯೂ ಹೆಚ್ಚುಕಡಿಮೆ ಅಷ್ಟೇ ಬಿಸಿ. ನೀರು 20ಕ್ಕಿಂತ ಕೆಳಗೆ ಇಳಿದರೆ ಹೊಟ್ಟೆಯ ಕೆಲಸ ತೀರಾ ನಿಧಾನವಾಗುತ್ತದೆ, ಹಸಿವೂ ಸತ್ತುಹೋಗುತ್ತದೆ. ಅಂಥ ಹೊತ್ತಲ್ಲಿ ಬಲವಂತವಾಗಿ ತಿನ್ನಿಸಿದರೆ ತಿಂದದ್ದು ಅರಗದೆ ಒಳಗೇ ಕೊಳೆಯುತ್ತದೆ. ಅದಕ್ಕೇ ಬೇಡ ಅಂದದ್ದು.

ಟಬ್ಬನ್ನು ಒಳಗೆ ತನ್ನಿ. ಮುಳುಗಿಸಿ ಇಡುವ ಅಕ್ವೇರಿಯಂ ಹೀಟರ್ ಹಾಕಿ, ನೀರನ್ನು 25ರಿಂದ 27 ಡಿಗ್ರಿಗೆ ತನ್ನಿ. ಒಂದೇ ಸಲ ಬಿಸಿನೀರು ಸುರಿಯಬೇಡಿ, ಒಂದೆರಡು ದಿನದಲ್ಲಿ ನಿಧಾನವಾಗಿ ಏರಲಿ. ಹೀಟರಿಗೆ ಪ್ಲಾಸ್ಟಿಕ್ ಕವಚ ಇರಲೇಬೇಕು, ಆಮೆ ಗುದ್ದಿ ಗಾಜು ಒಡೆಯುತ್ತದೆ. ನೀರು ಬದಲಿಸುವಾಗ ಪ್ಲಗ್ ತೆಗೆದುಬಿಡಿ. ಇನ್ನೊಂದು, ಮೈ ಪೂರ್ತಿ ಒಣಗಿಸಿಕೊಳ್ಳುವುದಕ್ಕೆ ನೀರಿನ ಮೇಲೆ ಒಂದು ಜಾಗ ಬೇಕು. ಅದರ ಮೇಲೆ ಬಲ್ಬ್ ಹಾಕಿ, ಅಲ್ಲಿ 30–32 ಡಿಗ್ರಿ ಬರುವ ಹಾಗೆ ನೋಡಿಕೊಳ್ಳಿ. ಬಿಸಿಲು ಬೀಳುವ ಕಿಟಕಿ ಹತ್ತಿರ ಇಟ್ಟಿದ್ದೇವಲ್ಲ ಅಂತ ಸುಮಾರು ಜನ ಹೇಳುತ್ತಾರೆ. ಆಮೆಗೆ ಬೇಕಾದ, ಬಿಸಿಲಿನಲ್ಲಿರುವ ಯುವಿಬಿ ಅನ್ನುವ ನೇರಳಾತೀತ ಕಿರಣವನ್ನು ಕಿಟಕಿ ಗಾಜು ತಡೆದುಬಿಡುತ್ತದೆ. ಬೆಳಗಿನ ನೇರ ಬಿಸಿಲಿನಲ್ಲಿ ಇಪ್ಪತ್ತು ನಿಮಿಷ ಬಿಡಿ, ಪಕ್ಕದಲ್ಲೇ ನೆರಳೂ ಇರಲಿ. ಸಣ್ಣ ಟಬ್ಬಿನಲ್ಲಿ ಮಧ್ಯಾಹ್ನದ ಬಿಸಿಲಿಗೆ ಮಾತ್ರ ಇಡಬೇಡಿ, ನೀರು ಕಾದು ಜೀವವೇ ಹೋಗುತ್ತದೆ.

ಬಿಸಿ ಮಾಡಿದ ದಿನವೇ ತಿನ್ನುತ್ತದೆ ಅಂದುಕೊಳ್ಳಬೇಡಿ. ಪುಟ್ಟಿಗೆ ಐದು ದಿನ ಹಿಡಿಯಿತು. ಆರನೇ ದಿನ ತುಳಸಿ ಕುಂಡದಲ್ಲಿ ಸಿಕ್ಕಿದ ಎರೆಹುಳು ತೊಳೆದು ನೀರಿಗೆ ಬಿಟ್ಟೆ. ಅದು ತಳದಲ್ಲಿ ಸುಳಿದಾಡಿತು. ಪುಟ್ಟಿ ಮೊದಲು ಕಣ್ಣು ಮಾತ್ರ ಹೊರಳಿಸಿದಳು. ಆಮೇಲೆ ಕತ್ತು ಉದ್ದ ಮಾಡಿ, ತೀರಾ ಹತ್ತಿರ ಬಂದು, ತಡೆದು ನಿಂತಳು. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಚಕ್ ಅಂತ ಕಚ್ಚಿದಳು, ಮುಂಗಾಲಿನ ಉಗುರಿನಿಂದ ಎಳೆದು ಎಳೆದು ನುಂಗಿದಳು. ಅಮ್ಮನನ್ನು ಕೂಗಿ ಕರೆದೆ. ನೀವೂ ನೀರಿನಲ್ಲೇ ಹಾಕಿ. ಈ ಜಾತಿ ನೀರಿನ ಹೊರಗೆ ನುಂಗಲಾರದು. ಅಲುಗಾಡುವ ತಿಂಡಿಗೆ ಬೇಗ ಆಸೆಪಡುತ್ತದೆ.

ಇಲ್ಲಿಯವರೆಗೆ ಬರೀ ಒಣ ಸಿಗಡಿ ಹಾಕುತ್ತಿದ್ದರೆ ಅದನ್ನು ನಿಲ್ಲಿಸಿ. ಅದರಲ್ಲಿ ಎ ಜೀವಸತ್ವ ಸಾಲದು. ಕೊರತೆಯಾದರೆ ರೆಪ್ಪೆ ಊದಿ ಕಣ್ಣು ಮುಚ್ಚಿಹೋಗುತ್ತದೆ, ಊಟ ಕಾಣುವುದಿಲ್ಲ, ಕಾಣದಿದ್ದರೆ ತಿನ್ನುವುದೂ ಇಲ್ಲ. ಒಳ್ಳೆ ಪೆಲೆಟ್ ಜೊತೆ ಕ್ಯಾರೆಟ್ ತುರಿ, ಸಿಹಿಗುಂಬಳ ಕೊಡಿ. ಅನ್ನ, ಚಪಾತಿ, ಹಾಲು ಬೇಡವೇ ಬೇಡ. ದೊಡ್ಡ ಆಮೆಗೆ ಎರಡು ದಿನಕ್ಕೊಮ್ಮೆ ಹಾಕಿದರೆ ಸಾಕು.

ಆದರೆ ಕೆಲವು ಲಕ್ಷಣ ಕಂಡರೆ ಕಾಯಬೇಡಿ, ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಮೂಗಿನಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರಾಡುವುದು, ಒಂದು ಕಡೆಗೆ ವಾಲಿಕೊಂಡು ತೇಲುವುದು: ಇವೆಲ್ಲ ಶ್ವಾಸಕೋಶದ ಸೋಂಕಿನ ಗುರುತು. ಕಣ್ಣು ಊದಿಕೊಂಡಿದ್ದರೂ, ಚಿಪ್ಪು ಮೆತ್ತಗಾಗಿದ್ದರೂ ತಡಮಾಡಬೇಡಿ. ಹೆಣ್ಣಾಗಿದ್ದು, ಹಿಂಗಾಲಿನಲ್ಲಿ ಕೆರೆಯುತ್ತಾ ಚಡಪಡಿಸುತ್ತಿದ್ದರೆ ಮೊಟ್ಟೆ ಇರಬಹುದು. ಗಂಡು ಇಲ್ಲದೆಯೂ ಮೊಟ್ಟೆ ಕಟ್ಟುತ್ತದೆ, ಒಳಗೇ ಸಿಕ್ಕಿಕೊಂಡರೆ ಅಪಾಯ. ಪೂರ್ತಿ ಬೆಚ್ಚಗೆ ಇಟ್ಟು ಒಂದು ವಾರವಾದರೂ ತಿನ್ನದಿದ್ದರೆ ಆಗಲೂ ತೋರಿಸಿ. ಅಂಗೈಯಲ್ಲಿ ಹಿಡಿಯುವಷ್ಟು ಮರಿಯಾದರೆ ಇಷ್ಟು ದಿನ ಕಾಯಲೂ ಬಾರದು.

ಎಲ್ಲ ಪಶುವೈದ್ಯರೂ ಆಮೆ ನೋಡುವುದಿಲ್ಲ, ಫೋನ್ ಮಾಡಿ ಕೇಳಿಕೊಂಡು ಹೋಗಿ. ನಾಯಿಗೆ ಹುಳಕ್ಕೆ ಕೊಡುವ ಐವರ್‌ಮೆಕ್ಟಿನ್ ಅನ್ನುವ ಔಷಧಿ ಆಮೆಗೆ ಪ್ರಾಣಾಂತಿಕ. ಔಷಧಿ ಬರೆದುಕೊಟ್ಟರೆ ಅದು ಇದೆಯಾ ಅಂತ ಬಾಯಿಬಿಟ್ಟು ಕೇಳಿ, ಸಂಕೋಚ ಬೇಡ.

ಇದನ್ನು ಓದುವ ಬೇರೆಯವರ ಹತ್ತಿರ ಬೆನ್ನ ಮೇಲೆ ಹಳದಿ ನಕ್ಷತ್ರದ ಗೆರೆ ಇರುವ ನೆಲದ ಆಮೆ ಇದ್ದರೆ, ಅದು ನಕ್ಷತ್ರ ಆಮೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಮನೆಯಲ್ಲಿ ಸಾಕುವ ಹಾಗಿಲ್ಲ, ಅರಣ್ಯ ಇಲಾಖೆಗೆ ತಿಳಿಸಿ. ನಿಮ್ಮ ಸ್ಲೈಡರ್ ಅಮೆರಿಕದ ಜಾತಿ. ನೋಡಿಕೊಳ್ಳಲು ಆಗುತ್ತಿಲ್ಲ ಅಂತ ಕೆರೆಗೆ ಮಾತ್ರ ಬಿಡಬೇಡಿ, ನಮ್ಮ ಆಮೆಗಳ ಊಟ, ಬಿಸಿಲು ಕಾಯುವ ಜಾಗ ಎಲ್ಲವನ್ನೂ ಅದು ಕಿತ್ತುಕೊಳ್ಳುತ್ತದೆ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಮನೆಯಲ್ಲಿ ಮಕ್ಕಳಿದ್ದರಂತೂ ಮರೆಯಬೇಡಿ. ಆಮೆಯಿಂದ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಹರಡುತ್ತದೆ.

ಇವತ್ತು ರಾತ್ರಿ ಹತ್ತಕ್ಕೆ ಒಮ್ಮೆ, ನಾಳೆ ಬೆಳಿಗ್ಗೆ ಆರಕ್ಕೆ ಒಮ್ಮೆ ನೀರಿನ ಡಿಗ್ರಿ ಬರೆದಿಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಡಬ್ಬಿಯಲ್ಲಿ ಕೂರಿಸಿ ತೂಕವನ್ನೂ ನೋಡಿ, ವಾರಕ್ಕೆ ಎರಡು ಸಲ ಸಾಕು. ಡಾಕ್ಟರ್ ಹತ್ತಿರ ಹೋಗಬೇಕಾಗಿ ಬಂದರೆ ಆ ಚೀಟಿ ಜೊತೆಗಿರಲಿ.