ಸರ್ಕಾರದ ಬ್ಯಾನರಿನಲ್ಲಿ ನಿಮ್ಮ ಹುಲಿ

ಉಡುಪಿಯ ಓದುಗರೊಬ್ಬರ ಪತ್ರ: “ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿ ಉತ್ಸವದಲ್ಲಿ ರಥಬೀದಿಯಲ್ಲಿ ನಾನು ತೆಗೆದ ಹುಲಿವೇಷದ ಚಿತ್ರವನ್ನು ಇಲಾಖೆಯೊಂದು ಕೇಳದೆ, ಹೆಸರನ್ನೂ ಹಾಕದೆ ತನ್ನ ಬ್ಯಾನರಿನಲ್ಲಿ ಬಳಸಿಕೊಂಡಿದೆ. ವಿಚಾರಿಸಿದರೆ, ‘ಸರ್ಕಾರಿ ಕೆಲಸಕ್ಕೆ ಎಂಥ ಕಾಪಿರೈಟ್?’ ಎಂದರು. ನಾನು ನೋಂದಣಿ ಮಾಡಿಸಿಲ್ಲ. ಸುಮ್ಮನಿರುವುದೇ ಲೇಸೇ?”

ಸಂಪಾದಕರ ಉತ್ತರ:

ಲೇಸಲ್ಲ. ಬೆಳಗಾಗುವುದರೊಳಗೆ ಬ್ಯಾನರ್ ಏಳಬೇಕೆಂದು ಮೇಲಿನಿಂದ ಹುಕುಂ ಬಂದರೆ ಗುಮಾಸ್ತ ಮೊಬೈಲಿನಲ್ಲಿ ಸಿಕ್ಕಿದ್ದನ್ನೇ ಅಂಟಿಸುತ್ತಾನೆ, ಪಾಪ; ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ “ಎಂಥ ಕಾಪಿರೈಟ್” ಎಂದ ಮಹಾಶಯರು 1957ರ ಕೃತಿಸ್ವಾಮ್ಯ ಕಾಯ್ದೆಯನ್ನು ಬಿಡಿಸಿ ನೋಡಿದವರಲ್ಲ. ನ್ಯಾಯಾಲಯದ ಕಲಾಪಕ್ಕೆ, ಶಾಸಕರ ಬಳಕೆಗೆ ಎಂದು 52ನೇ ಕಲಂ ಕೆಲವು ವಿನಾಯಿತಿ ಕೊಟ್ಟಿದೆ. ಉತ್ಸವದ ಬ್ಯಾನರು ಅದರಲ್ಲಿಲ್ಲ. ನೋಂದಣಿಯೂ ಕಡ್ಡಾಯವಲ್ಲ; ಕ್ಯಾಮೆರಾ ಕ್ಲಿಕ್ಕಿಸಿದ ಗಳಿಗೆಯಿಂದ ಚಿತ್ರ ನಿಮ್ಮದು. ಕರ್ತೃ ತಾನೆಂದು ಹೇಳಿಕೊಳ್ಳುವ ಹಕ್ಕನ್ನು 57ನೇ ಕಲಂ ಬೇರೆಯಾಗಿಯೇ ಕೊಟ್ಟಿದೆ.

ತಮಾಷೆ ಎಂದರೆ, ತನ್ನ ಸ್ವತ್ತಿನ ಮಾತು ಬಂದಾಗ ಇದೇ ಸರ್ಕಾರಕ್ಕೆ ಕಾಯ್ದೆ ಬಾಯಿಪಾಠ. ಸರ್ಕಾರಿ ಕೃತಿಗೆ ಸರ್ಕಾರವೇ ಮೊದಲ ಒಡೆಯ; ಪ್ರಕಟವಾದ ಮರುವರ್ಷದಿಂದ 60 ವರ್ಷ ಹಕ್ಕು. 1973ರಲ್ಲಿ ಹೊರಬಂದ ನಮ್ಮ ಜಿಲ್ಲೆಯ ಗೆಜೆಟಿಯರ್, ಅಂದರೆ ಸರ್ಕಾರವೇ ಬರೆಸಿದ ಜಿಲ್ಲಾ ಪರಿಚಯ ಗ್ರಂಥ, 2033ರ ಕೊನೆಯವರೆಗೂ ಅವರದೇ. ಬರೆಸಿದ ದುಡ್ಡು ಯಾರದು ಎಂದು ಕೇಳಬೇಡಿ.

ಮಂಗಳೂರಿನ ಹಳೇ ಬಂದರಿನ ಕುರಿತ ಲೇಖನಕ್ಕಾಗಿ ಕಚೇರಿಯೊಂದರಲ್ಲಿ ನಕ್ಷೆ ಕೇಳಿದ್ದೆ. ಕೃತಿಸ್ವಾಮ್ಯ ನಮ್ಮದು, ಕೊಡಲಾಗದು ಎಂದರು. ಮಾಹಿತಿ ಹಕ್ಕು ಕಾಯ್ದೆಯ 9ನೇ ಕಲಮಿನಂತೆ ಆ ನೆಪ ನಡೆಯುವುದು ಹಕ್ಕು ಸರ್ಕಾರವಲ್ಲದ ಬೇರೆಯವರದಾಗಿದ್ದರೆ ಮಾತ್ರ. ಅದನ್ನು ಅರ್ಜಿಯಲ್ಲಿ ಬರೆದುಕೊಟ್ಟ ಮೇಲೆ ಪ್ರತಿ ಕೈಸೇರಿತು. ಅಚ್ಚು ಹಾಕಲು ಅನುಮತಿ ಇನ್ನೂ ಬಂದಿಲ್ಲ! ಅಮೆರಿಕದಲ್ಲಿ ಕೇಂದ್ರ ಸರ್ಕಾರದ ನೌಕರರು ಕೆಲಸದ ಭಾಗವಾಗಿ ರಚಿಸಿದ್ದಕ್ಕೆ ಅಲ್ಲಿನ ಕಾನೂನು ಕೃತಿಸ್ವಾಮ್ಯವನ್ನೇ ಕೊಡುವುದಿಲ್ಲ. ಹೀಗಾಗಿ ನಾಸಾ ತೆಗೆದ ಚಂದ್ರನ ಚಿತ್ರವನ್ನು ಮಲ್ಪೆಯ ಶಾಲೆಯೊಂದು ತನ್ನ ವಾರ್ಷಿಕ ಸಂಚಿಕೆಯಲ್ಲಿ ಧಾರಾಳವಾಗಿ ಹಾಕಿಕೊಳ್ಳಬಹುದು. ನಮ್ಮೂರಿನ ಬಂದರಿನ ನಕ್ಷೆಗೆ ಮಾತ್ರ ನಾವು ಕಾಯಬೇಕು.

ನಿಮ್ಮ ವಿಷಯಕ್ಕೆ ಬರುತ್ತೇನೆ. ಮೊದಲು ಪತ್ರ ಬರೆದು ಹೆಸರನ್ನೂ ಸಂಭಾವನೆಯನ್ನೂ ಕೇಳಿ. ಜಗ್ಗದಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಂತೆ ಎರಡು ತಿಂಗಳ ನೋಟಿಸ್ ಕೊಟ್ಟು ದಾವೆ ಹೂಡಬಹುದು. ನೀವು ವಾಸವಿರುವ ಜಿಲ್ಲೆಯ ನ್ಯಾಯಾಲಯದಲ್ಲೇ ಹೂಡಬಹುದು, ಬೆಂಗಳೂರಿಗೆ ಅಲೆಯಬೇಕಿಲ್ಲ. ಅಂದ ಹಾಗೆ, ನೋಂದಣಿ ಇಲ್ಲವೆಂದು ಇಷ್ಟು ಹೆದರಿದ ನೀವು ಮೂಲ ಫೈಲನ್ನಾದರೂ ಅಳಿಸದೆ ಇಟ್ಟಿದ್ದೀರಿ ತಾನೇ?