ಹುಣ್ಣಿಮೆ ಚಂದ್ರನ ಬಿಳಿ ಗೆರೆಗಳು

ಪ್ರಶ್ನೆ: ಹುಣ್ಣಿಮೆ ಚಂದ್ರ ಮೂಡುವಾಗ ಬೈನಾಕ್ಯುಲರ್‌ನಲ್ಲಿ ನೋಡಿದರೆ ಬಲಗಡೆ ಒಂದು ಚುಕ್ಕೆಯಿಂದ ಬಿಳಿ ಗೆರೆಗಳು ಹರಡಿಕೊಂಡಿವೆ. ಅದು ಕುಳಿಯೇ? ಹಾಗಿದ್ದರೆ ಆಳ, ಗೋಡೆ ಕಾಣುವುದಿಲ್ಲವೇಕೆ? ಕಲ್ಲು ಓರೆಯಾಗಿ ಬಡಿದರೂ ಕುಳಿ ದುಂಡಗಾಗುತ್ತದೆಯೇ?
– ಓದುಗರೊಬ್ಬರು, ಸಿರುಗುಪ್ಪ

ಉತ್ತರ: ಹೌದು, ಅದು ಟೈಕೊ ಕುಳಿ. ಅದಿರುವುದು ಚಂದ್ರನ ದಕ್ಷಿಣ ಭಾಗದಲ್ಲಿ. ಮೂಡಣಕ್ಕೆ ಮುಖ ಮಾಡಿ ನಿಂತಾಗ ದಕ್ಷಿಣ ನಮ್ಮ ಬಲಕ್ಕೆ ಬರುತ್ತದೆ. ಬೆಳಗಿನ ಜಾವ ಚಂದ್ರ ಮುಳುಗುವಾಗ ನೋಡಿ, ಟೈಕೊ ಎಡಗಡೆ ಇರುತ್ತದೆ. ಅಗಲ ಸುಮಾರು 85 ಕಿ.ಮೀ. ಬಳ್ಳಾರಿಯಿಂದ ಕೊಪ್ಪಳಕ್ಕೆ ನೇರ ಗೆರೆ ಎಳೆದರೆ ಹೆಚ್ಚುಕಡಿಮೆ ಅಷ್ಟೇ. ಆಳ ನಾಲ್ಕೂವರೆ ಕಿ.ಮೀ.ಗೂ ಹೆಚ್ಚು.

ಇಷ್ಟು ಆಳವಿದ್ದೂ ಕಾಣಲಿಲ್ಲವೆಂದರೆ ನೀವು ನೋಡಿದ ದಿನ ಅಂಥದ್ದು. ಹುಣ್ಣಿಮೆಯಂದು ಬಿಸಿಲು ನಾವು ನೋಡುವ ದಿಕ್ಕಿನಿಂದಲೇ ಚಂದ್ರನ ಮೇಲೆ ಬೀಳುವುದರಿಂದ ನೆರಳು ನಮಗೆ ಕಾಣುವುದಿಲ್ಲ, ನೆರಳಿಲ್ಲದೆ ಉಬ್ಬುತಗ್ಗು ತಿಳಿಯುವುದಿಲ್ಲ. ಶುಕ್ಲ ನವಮಿ, ದಶಮಿಯ ರಾತ್ರಿ ನೋಡಿ. ಆಗ ಟೈಕೊದಲ್ಲಿ ಸೂರ್ಯೋದಯದ ಹೊತ್ತು: ತಳ ಕತ್ತಲಲ್ಲಿದ್ದರೂ ಅಂಚು, ಆಮೇಲೆ ನಡುವಿನ ಬೆಟ್ಟದ ತುದಿ ಬೆಳಗುತ್ತವೆ. ಬೆಟ್ಟ ಕಾಣಲು ಬೈನಾಕ್ಯುಲರ್ ಸಾಲದು, ಮುಂದಿನ ಮಸೂರ 60 ಮಿ.ಮೀ. ಅಗಲದ ಟೆಲಿಸ್ಕೋಪ್, 60ರಿಂದ 80 ಪಟ್ಟು ಹಿಗ್ಗಿಸಿ ತೋರಿಸುವಂಥದ್ದು ಬೇಕು. ನಮ್ಮ ಕಡೆಯ ಬಿಸಿಲಿಗೆ ಕಾದ ಮಾಳಿಗೆಯಿಂದ ಬಿಸಿಗಾಳಿ ಏಳುತ್ತಿರುವಷ್ಟು ಹೊತ್ತು ಚಿತ್ರ ಅಲುಗಾಡುತ್ತದೆ. ಹೊತ್ತು ಮುಳುಗಿದ ಎರಡು ತಾಸಿನ ಮೇಲೆ ನೋಡಿ, ಇಲ್ಲವೇ ಸ್ಟ್ಯಾಂಡನ್ನು ಮಣ್ಣಿನ ಅಂಗಳದಲ್ಲಿಡಿ.

ದುಂಡಗಾಗುವುದಕ್ಕೆ ಕಾರಣ ವೇಗ. ಇಂಥ ಕಲ್ಲುಗಳು ಸಾಮಾನ್ಯವಾಗಿ ಸೆಕೆಂಡಿಗೆ 20 ಕಿ.ಮೀ. ಆಸುಪಾಸಿನಲ್ಲಿ ಬಡಿಯುತ್ತವೆ. ಕುಳಿಯನ್ನು ತೋಡುವುದು ಕಲ್ಲಲ್ಲ, ಬಡಿತದಿಂದ ನೆಲದೊಳಗೆ ಎಲ್ಲ ಕಡೆಗೂ ಹಬ್ಬುವ ಆಘಾತದ ಅಲೆ. ಸುಮಾರು 15 ಡಿಗ್ರಿಗಿಂತ ಕಡಿಮೆ ಕೋನದಲ್ಲಿ, ನೆಲ ಸವರಿಕೊಂಡು ಬಂದರೆ ಮಾತ್ರ ಕುಳಿ ಉದ್ದುದ್ದವಾಗುತ್ತದೆ.

ಚಂದ್ರನ ಮೇಲೆ ಅಗಲ 15 ಕಿ.ಮೀ. ಒಳಗಿನ ಕುಳಿ ಸಾಮಾನ್ಯವಾಗಿ ಬೋಗುಣಿಯಂತೆಯೇ ಉಳಿಯುತ್ತದೆ. ಅದಕ್ಕಿಂತ ದೊಡ್ಡದಾದರೆ ಗೋಡೆ ತನ್ನ ಭಾರಕ್ಕೇ ಕುಸಿದು ಮೆಟ್ಟಿಲು ಮೆಟ್ಟಿಲಾಗುತ್ತದೆ, ಒತ್ತಿಹೋದ ತಳ ಮೇಲಕ್ಕೆ ಪುಟಿದು ನಡುವೆ ಬೆಟ್ಟವಾಗಿ ನಿಲ್ಲುತ್ತದೆ. ಇಷ್ಟೆಲ್ಲ ನಡೆಯುವುದು ಕೆಲವೇ ನಿಮಿಷಗಳಲ್ಲಿ! ಟೈಕೊದ ಬೆಟ್ಟ ತಳದಿಂದ ಸುಮಾರು 2 ಕಿ.ಮೀ. ಎತ್ತರ. ಕಿಲೋಮೀಟರುಗಟ್ಟಲೆ ಆಳದ ಶಿಲೆ ಅಲ್ಲಿ ಬಯಲಿಗೆ ಬಂದಿರುವುದರಿಂದ ವಿಜ್ಞಾನಿಗಳಿಗೆ ಕುಳಿಯಲ್ಲೆಲ್ಲ ಅದೇ ಅಮೂಲ್ಯ ಜಾಗ.

ಬಿಳಿ ಗೆರೆಗಳು ಆಗ ಚಿಮ್ಮಿದ ಪುಡಿ, ಮತ್ತು ಆ ಚೂರುಗಳು ಬಿದ್ದಲ್ಲೆಲ್ಲ ಎದ್ದ ಹೊಸ ಮಣ್ಣು. ಕೆಲವು 1,500 ಕಿ.ಮೀ. ದಾಟಿವೆ. ಸೌರಮಾರುತ (ಸೂರ್ಯನಿಂದ ಸದಾ ಹೊರಹರಿಯುವ ಕಣಗಳು), ಸೂಕ್ಷ್ಮ ಉಲ್ಕೆಗಳ ಹೊಡೆತಕ್ಕೆ ಇಂಥ ಗೆರೆ ಕ್ರಮೇಣ ಕಪ್ಪಾಗುತ್ತದೆ. ಟೈಕೊದ ವಯಸ್ಸು ಸುಮಾರು 11 ಕೋಟಿ ವರ್ಷ ಮಾತ್ರ, ಅದಕ್ಕೇ ಅದರ ಗೆರೆಗಳು ಇನ್ನೂ ಬೆಳ್ಳಗಿವೆ. ಮುಂದಿನ ಹುಣ್ಣಿಮೆಗೆ ಗಮನಿಸಿ: ಗೆರೆಗಳು ಎಲ್ಲ ದಿಕ್ಕಿಗೂ ಸಮನಾಗಿಲ್ಲ. ಕಲ್ಲು ಓರೆಯಾಗಿ ಬಂದದ್ದನ್ನು ದುಂಡು ಕುಳಿ ಹೇಳದಿದ್ದರೂ ಅವು ಹೇಳುತ್ತವೆ.