ಹಳ್ಳಿಯ ಸಾಮಾಜಿಕ, ಆರ್ಥಿಕ ಸ್ಥಿತಿ ಬರೆಯೋಕೆ ಕುಪ್ಪುಸ್ವಾಮಿ ಸ್ಕೇಲ್ ಸಾಕಾ, ಬಿ.ಜಿ. ಪ್ರಸಾದ್ ಸ್ಕೇಲ್ ಬೇಕಾ ಅಂತ ಕೇಳಿದ್ದೀರಿ. ಎರಡೂ ಕುಟುಂಬಗಳನ್ನ ಮೇಲು, ಕೆಳಗು ಅಂತ ವರ್ಗಗಳಾಗಿ ವಿಂಗಡಿಸೋ ಅಳತೆಗೋಲುಗಳು.

ನನ್ನ ಕೇಳಿದರೆ ಎರಡೂ ಬೇಡ.

ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಡಿಸರ್ಟೇಶನ್, ಒಂದು ಹಳ್ಳಿ, ಕಂಕುಳಲ್ಲಿ ಜೆರಾಕ್ಸ್ ಮಾಡಿಸಿದ ಪ್ರಶ್ನಾವಳಿ ಕಟ್ಟು, ಮೇಲೆ ಯಾವ ಸ್ಕೇಲ್ ಅನ್ನೋ ತಲೆಬಿಸಿ. ನಾನೂ ಹೀಗೇ ಮಂಡ್ಯ ಜಿಲ್ಲೆಯ ನಾಗಮಂಗಲ ಕಡೆಯ ಒಂದು ಊರಿಗೆ ಹೋಗಿದ್ದೆ. ಕಾಲುವೆ ನೀರಿಲ್ಲದ ಊರು. ರಾಗಿ, ಹುರುಳಿ, ಅಲ್ಲಲ್ಲಿ ಬೋರ್‌ವೆಲ್ ಇರೋರ ತೆಂಗು. ಸೀನಿಯರ್ ಒಬ್ಬರು ಕುಪ್ಪುಸ್ವಾಮಿ ಸ್ಕೇಲ್ ಹಾಕು, ಎಲ್ಲರೂ ಅದನ್ನೇ ಹಾಕೋದು ಅಂದರು. ಹಾಕಿದೆ. ಕೆಟ್ಟೆ.

ಹೇಗೆ ಕೆಟ್ಟೆ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನೀವೂ ಅದೇ ದಾರಿಯಲ್ಲಿ ಇದ್ದೀರಿ. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಆಗಿದ್ದ ಕುಪ್ಪುಸ್ವಾಮಿಯವರು ಆ ಸ್ಕೇಲ್ ಮಾಡಿದ್ದು ಪಟ್ಟಣದ ಕುಟುಂಬಗಳಿಗೆ. ಮೂರೇ ವಿಷಯ: ಯಜಮಾನನ ಓದು, ಯಜಮಾನನ ಕಸುಬು, ಕುಟುಂಬದ ತಿಂಗಳ ಆದಾಯ. ಮೂರಕ್ಕೂ ಅಂಕ, ಕೂಡಿಸಿದರೆ ವರ್ಗ. ಓದು ಬರದವರಿಗೆ 1. ಕಸುಬಿನ ಕಡೆ ಗುಮಾಸ್ತ, ಅಂಗಡಿಯವ, ರೈತ ಎಲ್ಲರಿಗೂ 5. ಇಪ್ಪತ್ತು ಗುಂಟೆ ಒಣಭೂಮಿ ಇರೋನೂ 5, ಹತ್ತು ಎಕರೆ ತೆಂಗಿನ ತೋಟ ಇರೋನೂ 5! ಇದನ್ನ ನೋಡಿದ ಕೂಡಲೇ ಅನುಮಾನ ಬರಬೇಕಿತ್ತು.

ನಾನು ಹೋಗ್ತಿದ್ದದ್ದು ಬೆಳಗ್ಗೆ ಹತ್ತರ ಬಸ್ಸಿಗೆ. ಅಷ್ಟು ಹೊತ್ತಿಗೆ ಊರಲ್ಲಿ ಯಾರಿರ್ತಾರೆ ಹೇಳಿ? ವಯಸ್ಸಾದವರು. ಒಂದು ಮನೆ ಜಗಲಿ ಮೇಲೆ ಅಜ್ಜ ಕೂತಿದ್ದರು. ಯಜಮಾನ್ರು ಯಾರು ಅಂದೆ, "ನಾನೇ ಕಣಪ್ಪ" ಅಂದರು. ಕೆಲಸ? "ಬೇಸಾಯ." ಓದು? "ಎಬ್ಬೆಟ್ಟು." ತಿಂಗಳಿಗೆ ಎಷ್ಟು ಬರ್ತದೆ ಅಂತ ಕೇಳಿದಾಗ ಮಾತ್ರ ನನ್ನ ಕೈಯಲ್ಲಿದ್ದ ಹಾಳೆಯನ್ನ, ನನ್ನ ಕೊರಳಲ್ಲಿದ್ದ ಐಡಿ ಕಾರ್ಡನ್ನ ಒಂದ್ಸಲ ನೋಡಿ, "ಒಂದೆಂಟು ಸಾವ್ರ ಬರ್ಕೊ" ಅಂದರು. ಬರಕೊಂಡೆ. ಪಕ್ಕದ ಮನೆಯಲ್ಲಿ ಒಂಬತ್ತು ಸಾವಿರ. ಅದರಾಚೆ ಮನೆಯಲ್ಲಿ ಮತ್ತೆ ಎಂಟು. ಬಿಪಿಎಲ್ ಕಾರ್ಡಿಗೆ ವರ್ಷದ ಆದಾಯ 1.2 ಲಕ್ಷ ಮೀರಬಾರದು, ಅಂದರೆ ತಿಂಗಳಿಗೆ ಹತ್ತು ಸಾವಿರ. ಕಾರ್ಡ್ ಎಲ್ಲಿ ಹೋಗ್ತದೋ ಅನ್ನೋ ಭಯ ಇರೋರು, ಐಡಿ ಕಾರ್ಡ್ ಹಾಕ್ಕೊಂಡು ಬಂದ ಅಪರಿಚಿತನಿಗೆ ಹತ್ತರ ಮೇಲೆ ಯಾಕೆ ಹೇಳ್ತಾರೆ? ಅವರು ಸುಳ್ಳು ಹೇಳಿದರು ಅಂತ ನಾನು ಅನ್ನಲ್ಲ. ಕೇಳಿದ ರೀತಿಯೇ ಹಾಗಿತ್ತು.

ಈಗ ಲೆಕ್ಕ ನೋಡಿ. ಓದಿಗೆ 1, ಬೇಸಾಯಕ್ಕೆ 5, ಆದಾಯಕ್ಕೆ ಎರಡೋ ಮೂರೋ. 5ರಿಂದ 10 ಬಂದರೆ ಅಪ್ಪರ್ ಲೋಯರ್, ಅಂದರೆ ಕೆಳವರ್ಗದ ಮೇಲಿನ ಹಂತ, ಅನ್ನೋ ವರ್ಗ. ಹೆಚ್ಚುಕಮ್ಮಿ ಇಡೀ ಊರು ಅದೊಂದೇ ಡಬ್ಬಿಯೊಳಗೆ ಬಿತ್ತು. ನಾನೋ, "ಈ ಗ್ರಾಮದ ಬಹುತೇಕ ಕುಟುಂಬಗಳು ಕೃಷಿಯನ್ನೇ ಅವಲಂಬಿಸಿವೆ" ಅಂತ ಬರೆದು ಬಣ್ಣದ ಗ್ರಾಫ್ ಬೇರೆ ಹಾಕಿದ್ದೆ.

ಗೈಡ್ ಅದೇ ತಾಲ್ಲೂಕಿನವರು. ಓದಿ ಒಂದೇ ಮಾತು ಕೇಳಿದರು: "ಆ ಊರಿಂದ ಬೆಳಗಿನ ಜಾವ ಗಾರ್ಮೆಂಟ್ಸ್ ವ್ಯಾನ್ ಹೊರಡ್ತದಲ್ಲ, ಅದರಲ್ಲಿ ಹೋಗೋರು ಎಲ್ಲಿದ್ದಾರೆ ನಿನ್ನ ಟೇಬಲ್‌ನಲ್ಲಿ?" ಎಲ್ಲೂ ಇರಲಿಲ್ಲ. ಆ ಅಜ್ಜನ ಸೊಸೆ ಅದೇ ವ್ಯಾನಿನಲ್ಲಿ ಹೋಗ್ತಿದ್ದರು. ಮಗ ಬೆಂಗಳೂರಿನ ಲಗ್ಗೆರೆಯಲ್ಲಿ ಆಟೋ ಓಡಿಸ್ತಿದ್ದ, ಬಿತ್ತನೆಗೆ, ಹಬ್ಬಕ್ಕೆ ಮಾತ್ರ ಊರಿಗೆ. ಅಜ್ಜನ ಬೇಸಾಯ ಅಂದರೆ ಮನೆಗಾಗುವಷ್ಟು ರಾಗಿ. ಮನೆ ನಡೀತಿದ್ದದ್ದು ಸೊಸೆಯ ಸಂಬಳದಲ್ಲಿ, ಆಟೋ ದುಡ್ಡಲ್ಲಿ, ಡೈರಿಗೆ ಹಾಕೋ ಹಾಲಲ್ಲಿ. ನಾನು ಕೇಳಿದ್ದು ಮಾತ್ರ ಯಜಮಾನನ ಕಸುಬು. ಎಲ್ಲ ಮನೆಗೂ ಮತ್ತೆ ಹೋಗಬೇಕಾಯ್ತು. ನನ್ನ ಬ್ಯಾಚಿನವರು ಸಬ್‌ಮಿಟ್ ಮಾಡಿದರು, ನಾನು ಮಾಡಲಿಲ್ಲ. ಆ ವರ್ಷ ಸಿಗಬೇಕಿದ್ದ ಕೆಲಸವೂ ಕೈತಪ್ಪಿತು.

ಎರಡನೇ ಸಲ ಸ್ಕೇಲ್ ಪಕ್ಕಕ್ಕಿಟ್ಟೆ. ಮೊದಲು ಒಲೆ ಎಣಿಸಿದೆ. ಜನಗಣತಿಯಲ್ಲೂ ಕುಟುಂಬ ಅಂದರೆ ಒಂದೇ ಅಡುಗೆಮನೆಯಲ್ಲಿ ಉಣ್ಣೋರು, ಒಂದೇ ಬಾಗಿಲಿಂದ ಓಡಾಡೋರಲ್ಲ. ಅಣ್ಣ ತಮ್ಮ ಒಂದೇ ಹೆಂಚಿನ ಕೆಳಗೆ ಇದ್ದು ಎರಡು ಒಲೆ ಹಚ್ಚಿದರೆ ಅದು ಎರಡು ಕುಟುಂಬ. ಈಗಂತೂ ಗೃಹಲಕ್ಷ್ಮಿ ದುಡ್ಡು ರೇಷನ್ ಕಾರ್ಡಿನಲ್ಲಿ ಯಜಮಾನಿ ಅಂತ ಇರೋ ಹೆಂಗಸಿಗೆ ಮಾತ್ರ. ಹಾಗಾಗಿ ಒಂದೇ ಒಲೆಗೆ ಎರಡು ಕಾರ್ಡ್, ಎರಡು ಒಲೆಗೆ ಒಂದೇ ಕಾರ್ಡ್, ಎರಡೂ ಸಿಗ್ತವೆ. ಕಾರ್ಡ್ ನೋಡಿ ಕುಟುಂಬ ಎಣಿಸಬೇಡಿ.

ಆಮೇಲೆ ಆದಾಯ ಕೇಳೋದನ್ನೇ ಬಿಟ್ಟೆ. ದುಡಿಯೋ ಕೈ ಎಷ್ಟು, ಯಾವ ತಿಂಗಳು ಯಾರು ಎಲ್ಲಿರ್ತಾರೆ, ಸಂಘದ ಕಂತು ಎಷ್ಟು, ಮೈಕ್ರೋಫೈನಾನ್ಸ್ ಕಂತು ಯಾವ ವಾರ, ಮಕ್ಕಳು ಸರ್ಕಾರಿ ಶಾಲೆಯೋ ಕಾನ್ವೆಂಟೋ, ಇಷ್ಟೇ. ಸಾಲದ ವಿಷಯ ಜನ ಸಂಬಳಕ್ಕಿಂತ ಸಲೀಸಾಗಿ ಹೇಳ್ತಾರೆ. ಜಮೀನಿನ ವಿಷಯದಲ್ಲಿ ಹುಷಾರು. ಪಹಣಿ ತೀರಿಕೊಂಡ ಮುತ್ತಾತನ ಹೆಸರಲ್ಲೇ ಇರಬಹುದು. 1974ರ ಭೂಸುಧಾರಣೆ ತಿದ್ದುಪಡಿ ಆದ ಮೇಲೆ ಗೇಣಿ ಅನ್ನೋದು ಕಾಗದದ ಮೇಲೆ ಇಲ್ಲ. ಊರಲ್ಲಿ ಇದೆ, ವಾರಕ್ಕೆ (ಬೆಳೆಯಲ್ಲಿ ಪಾಲಿಗೆ) ಅಂತಾನೋ ಗುತ್ತಿಗೆ ಅಂತಾನೋ. "ಈ ಹೊಲ ಈ ವರ್ಷ ಉತ್ತಿದ್ಯಾರು?" ಅಂತ ಕೇಳಿ, "ಜಮೀನು ಯಾರದ್ದು?" ಅಂತ ಕೇಳಬೇಡಿ.

ನಿಮ್ಮ ಪ್ರಶ್ನೆಯ ಕೆಳಗೆ "ಊರು ಒಣಭೂಮಿ, ಹಾಗಾಗಿ ಹಿಂದುಳಿದಿದೆ" ಅಂತ ಬರೆದಿದ್ದೀರಿ. ಊರಿಗೆ ಹೋಗೋ ಮೊದಲೇ ತೀರ್ಪು ಕೊಟ್ಟುಬಿಟ್ಟಿರಲ್ಲ! ಮಂಡ್ಯ ಸುತ್ತಲೇ ಸ್ಕಾರ್ಲೆಟ್ ಎಪ್‌ಸ್ಟೀನ್ ಅನ್ನೋ ಸಂಶೋಧಕಿ 1950ರ ದಶಕದಲ್ಲಿ ಎರಡು ಹಳ್ಳಿಗಳಲ್ಲಿ ಕೆಲಸ ಮಾಡಿದ್ದರು. ಒಂದಕ್ಕೆ ಕಾಲುವೆ ನೀರು ಬಂತು, ಇನ್ನೊಂದು ಒಣಗಿಯೇ ಉಳೀತು. ನೀರು ಬಂದ ಊರು ಕಬ್ಬು ಬೆಳೆದು ದುಡ್ಡು ಕಂಡಿತು, ಆದರೆ ಊರಿನ ಹಳೇ ವ್ಯವಸ್ಥೆ ಹೆಚ್ಚು ಅಲುಗಾಡಲಿಲ್ಲ. ಒಣ ಊರಿನವರು ಪೇಟೆಯ ಕೆಲಸಕ್ಕೆ, ವ್ಯಾಪಾರಕ್ಕೆ ಹೊರಬಿದ್ದರು, ಜಾಸ್ತಿ ಬದಲಾಗಿದ್ದು ಅವರೇ. ನೀರಾವರಿ ಕಾಲಂ ನೋಡಿ ಹಿಂದುಳಿದಿದೆ ಅಂತ ಬರೆದಿದ್ದರೆ ಇದು ಕಾಣ್ತಿತ್ತಾ?

ಸ್ಕೇಲ್ ಇರಲೇಬೇಕು ಅಂತ ನಿಮ್ಮ ಗೈಡ್ ಹಠ ಹಿಡಿದರೆ, ಹಳ್ಳಿಗೆ ಅಂತಲೇ ಮಾಡಿದ ಉದಯ್ ಪರೀಕ್ ಸ್ಕೇಲ್ ಇದೆ. ಜಾತಿ, ಜಮೀನು, ಮನೆ, ಎತ್ತು, ಸಾಮಾನು, ಸಂಘದ ಓಡಾಟ ಎಲ್ಲಕ್ಕೂ ಕಾಲಂ ಇದೆ. 1964ರದ್ದು, ಈಗಿನ ಮನೆಗಳಿಗೆ ಹೊಂದಿಸ್ಕೋಬೇಕು. ಜಾತಿಗೆ ಮೇಲಿಂದ ಕೆಳಗೆ ಅಂಕ ಕೊಡೋದು ನನಗಂತೂ ಸರಿ ಕಾಣಲಿಲ್ಲ, ಅದನ್ನ ನಾನು ಕೈಬಿಟ್ಟೆ, ಯಾಕೆ ಅಂತ ಒಂದು ಪ್ಯಾರಾ ಬರೆದೆ, ವೈವಾದಲ್ಲಿ ಯಾರೂ ತಕರಾರು ಮಾಡಲಿಲ್ಲ. ಬಿ.ಜಿ. ಪ್ರಸಾದ್ ಸ್ಕೇಲ್ ಹಳ್ಳಿಗೂ ಆಗ್ತದೆ ಅಂತಾರೆ, ಆದರೆ ಅದು ನಿಂತಿರೋದೇ ತಲಾ ಆದಾಯದ ಮೇಲೆ, ಮತ್ತೆ ಆ ಎಂಟು ಸಾವಿರದ ಕಥೆಯೇ.

ಪ್ರಶ್ನಾವಳಿ ತೆಗೆದುಕೊಂಡು ಹೋಗೋ ಮೊದಲು ಒಂದೆರಡು ದಿನ ಬೆಳಗ್ಗೆ ಆರಕ್ಕೆ ಊರಿನ ಹಾಲಿನ ಡೈರಿ ಮುಂದೆ ನಿಂತು ನೋಡಿ. ಯಾರು ಕ್ಯಾನ್ ತರ್ತಾರೆ, ಯಾರು ಚೊಂಬು ತರ್ತಾರೆ, ಯಾರು ಬರೋದೇ ಇಲ್ಲ. ಬರದೇ ಇರೋ ಮನೆಗಳ ಪಟ್ಟಿ ಮಾಡ್ಕೊಂಡು, ಸಂಜೆ ಏಳರ ಮೇಲೆ, ಐಡಿ ಕಾರ್ಡ್ ಜೇಬಲ್ಲಿಟ್ಟು, ಮೊದಲು ಅಲ್ಲಿಗೇ ಹೋಗಿ.